ತರಕಾರಿ ಮಡಿಗೆ ಸಸಿ ಇಡುವ ಮೊದಲೇ ಕಳೆಯನ್ನು ಹತೋಟಿಗೆ ತರುವುದು ಹೇಗೆ?

ಹಿತ್ತಲಬಾಗಿಲು (ಹಾಸನ), ಮಾರ್ಚ್ 4

ಎಲ್ಲರಿಗೂ ನಮಸ್ಕಾರ. ಹಾಸನದ ಅಂಚಿನಲ್ಲಿರುವ ನಮ್ಮ ಮನೆಯ ಹಿಂದೆ 30 ಅಡಿ ಉದ್ದ, 18 ಅಡಿ ಅಗಲದ ಜಾಗವಿದೆ; ಲೆಕ್ಕ ಹಾಕಿದರೆ ಅರ್ಧ ಗುಂಟೆಗೆ ಹತ್ತಿರ. ಕಳೆದ ವರ್ಷ ಕೃತ್ತಿಕೆ ಮಳೆ ಬಿದ್ದ ಮೇಲೆ ಟಿಲ್ಲರ್ ತರಿಸಿ ಎರಡು ಸಲ ಹೊಡೆಸಿ, ಒಂದು ಗೂಡ್ಸ್ ಆಟೋ ತುಂಬ ತಿಪ್ಪೆ ಗೊಬ್ಬರ ಹರಡಿ, ಅದೇ ವಾರ ಟೊಮೆಟೊ, ಬದನೆ ಸಸಿಗಳನ್ನು ನೆಟ್ಟು, ಒಂದು ಮಡಿಗೆ ಕ್ಯಾರೆಟ್ ಬೀಜ ಬಿತ್ತಿದ್ದೆ. ಎಂಟನೆಯ ದಿನಕ್ಕೆ ಕ್ಯಾರೆಟ್ ಮಡಿಯ ತುಂಬ ಹಸಿರು ಮೂಡಿದ್ದನ್ನು ಕಂಡು ಹಿಗ್ಗಿ, ಎರಡು ದಿನ ಅದಕ್ಕೆ ಬಹಳ ಜೋಪಾನವಾಗಿ ನೀರು ಚಿಮುಕಿಸಿದೆ. ಅದರಲ್ಲಿ ಕ್ಯಾರೆಟ್ ಒಂದೂ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಅಲ್ಲಿಂದ ಆಗಸ್ಟ್‌ವರೆಗೆ ನಾನು ಮಾಡಿದ್ದು ಕಳೆ ಕೀಳುವ ಕೆಲಸವೊಂದನ್ನೇ. ಗರಿಕೆ ಮತ್ತು ಕಾಂಗ್ರೆಸ್ ಗಿಡದ ಗುರುತು ನನಗಿದೆ. ಇವೆರಡರ ಜೊತೆಗೆ, ಹುಲ್ಲಿನಂತೆಯೇ ಕಾಣುವ, ಎಳೆದರೆ ಮೇಲಿನ ಎಲೆಯಷ್ಟೇ ಕೈಗೆ ಬರುವ, ನಾಲ್ಕೈದು ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಎದ್ದು ನಿಲ್ಲುವ ಇನ್ನೊಂದು ಗಿಡವಿದೆ. ಈ ವರ್ಷ ಮೇ ಎರಡನೆಯ ವಾರಕ್ಕೆ ಸಸಿ ಇಡಬೇಕೆಂದಿದ್ದೇನೆ. ಕೈಯಲ್ಲಿ ಒಂಬತ್ತು ವಾರಗಳಿವೆ. ನೆಟ್ಟ ಮೇಲೆ ಒದ್ದಾಡುವ ಬದಲು ಈಗಲೇ ಮಾಡಬಹುದಾದುದನ್ನು ತಿಳಿದವರು ದಯವಿಟ್ಟು ಹೇಳಿ. ಮತ್ತೊಮ್ಮೆ ಟಿಲ್ಲರ್ ಹೊಡೆಸಲೇ?

ತೆಂಗಿನನೆರಳು (ಅರಸೀಕೆರೆ), ಮಾರ್ಚ್ 4

ಟಿಲ್ಲರಿನವರಿಗೆ ಮಾತ್ರ ಇನ್ನೂ ಫೋನ್ ಮಾಡಬೇಡಿ, ಮೇಡಂ. ಆ ಮೂರನೆಯ ಗಿಡದ ಕಾಂಡವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಹೊರಳಿಸಿ ನೋಡಿ. ದುಂಡಗಿದೆಯೋ ಅಥವಾ ಮೂರು ಮೂಲೆ ಕೈಗೆ ಸಿಗುತ್ತದೆಯೋ ಎಂಬುದನ್ನು ಮೊದಲು ಹೇಳಿ.

ಹಿತ್ತಲಬಾಗಿಲು (ಹಾಸನ), ಮಾರ್ಚ್ 5

ಮೂರು ಮೂಲೆ ಸ್ಪಷ್ಟವಾಗಿ ಸಿಗುತ್ತದೆ, ಸರ್. ಪಿಕಾಸಿಯಿಂದ ಅಗೆದು ನೋಡಿದಾಗ ಕೆಳಗೆ ಕಡಲೆಕಾಳಿಗಿಂತ ದೊಡ್ಡದಾದ, ಕಪ್ಪು ಸಿಪ್ಪೆಯ ಗಡ್ಡೆಯೊಂದು ಸಿಕ್ಕಿತು. ಅದರಿಂದ ತಂತಿಯಂಥ ಬೇರು ಹೊರಟಿತ್ತು. ಅದನ್ನು ಹಿಡಿದುಕೊಂಡು ಹೋದರೆ ನಾಲ್ಕು ಬೆರಳಿನಾಚೆ ಇನ್ನೊಂದು ಗಡ್ಡೆ, ಅದರಾಚೆ ಮತ್ತೊಂದು. ಉಗುರಿನಿಂದ ಚಿವುಟಿದರೆ ಒಳಗೆ ಬಿಳಿ ಬಣ್ಣ, ಒಂದು ಬಗೆಯ ಸುವಾಸನೆ.

ಮಾಗಿಉಳುಮೆ (ಬೇಲೂರು), ಮಾರ್ಚ್ 5

ಅದು ತುಂಗೆ. ನಮ್ಮ ಕಡೆ ಜೇಕು ಎಂದೂ ಕೊನ್ನಾರಿ ಎಂದೂ ಕರೆಯುತ್ತಾರೆ. ಗ್ರಂಧಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಎಂದು ದುಡ್ಡು ಕೊಟ್ಟು ಕೊಳ್ಳುವುದೂ ಇದೇ ಗಡ್ಡೆಯನ್ನು. ಅಲ್ಲಿ ಅದು ಔಷಧ, ತರಕಾರಿ ಮಡಿಯಲ್ಲಿ ಮಾತ್ರ ಅದಕ್ಕಿಂತ ಹಟಮಾರಿ ಕಳೆ ಇನ್ನೊಂದಿಲ್ಲ. ಕೃಷಿ ಇಲಾಖೆಯಲ್ಲಿ ಬಹಳ ಕಾಲ ಹಳ್ಳಿ ಸುತ್ತಿದವನು ನಾನು. ಮನೆತೋಟ ಮಾಡುವವರು ಎಡವುವುದು ಹೆಚ್ಚಾಗಿ ಒಂದೇ ಕಡೆ: ಕಳೆಯೆಂದರೆ ಎಲ್ಲವೂ ಒಂದೇ ಎಂದುಕೊಂಡು ಎಲ್ಲದಕ್ಕೂ ಒಂದೇ ಉಪಾಯ ಮಾಡುವುದು. ನಿಮ್ಮ ಹಿತ್ತಲಿನಲ್ಲಿ ಇರುವುದು ಮೂರು ಬೇರೆ ಬೇರೆ ತೊಂದರೆಗಳು.

ಕಾಂಗ್ರೆಸ್ ಗಿಡ, ಮುಳ್ಳುಹರಿವೆ, ಗೋಣಿಸೊಪ್ಪು, ಅಣ್ಣೆಸೊಪ್ಪು ಇವೆಲ್ಲ ಬೀಜದಿಂದ ಬರುವಂಥವು. ಒಂದು ಕಾಂಗ್ರೆಸ್ ಗಿಡ ಸಾವಿರಾರು ಬೀಜ ಉದುರಿಸುತ್ತದೆ ಮತ್ತು ಆ ಬೀಜಗಳು ವರ್ಷಗಟ್ಟಲೆ ಮಣ್ಣಿನಲ್ಲಿ ಮಲಗಿರಬಲ್ಲವು. ಅಮೆರಿಕದ ಮಿಷಿಗನ್‌ನಲ್ಲಿ 1879ರಲ್ಲಿ ಬಾಟಲಿಗಳಲ್ಲಿ ತುಂಬಿ ಹೂತಿಟ್ಟ ಕಳೆಬೀಜಗಳನ್ನು 2021ರಲ್ಲಿ ತೆಗೆದು ಬಿತ್ತಿದಾಗ ಕೆಲವು ಮೊಳೆತವು ಎಂದರೆ ಇವುಗಳ ತಾಳ್ಮೆಯನ್ನು ಊಹಿಸಿಕೊಳ್ಳಿ. ಆದರೆ ಇಂಥ ಸಣ್ಣ ಬೀಜಗಳು ಮೊಳೆತು ಮೇಲೆ ಬರುವುದು ಬಹುಮಟ್ಟಿಗೆ ಮಣ್ಣಿನ ಮೇಲಿನ ಒಂದೆರಡು ಅಂಗುಲದಿಂದ ಮಾತ್ರ. ಅನೇಕ ಬೀಜಗಳಿಗೆ ಬೆಳಕು ತಾಗದೆ ಎಚ್ಚರವೇ ಆಗುವುದಿಲ್ಲ. ನೀವು ಟಿಲ್ಲರ್ ಹೊಡೆಸಿದಾಗ ಆಳದಲ್ಲಿ ಮಲಗಿದ್ದ ಬೀಜಗಳನ್ನು ಎಬ್ಬಿಸಿ ಮೇಲಕ್ಕೆ ತಂದು, ಗೊಬ್ಬರ ಕೊಟ್ಟು, ನೀರು ಹಾಕಿದಿರಿ. ಅವು ಬಾರದೆ ಇನ್ನೇನು ಮಾಡಿಯಾವು?

ಆದ್ದರಿಂದ ಬೀಜದ ಕಳೆಯನ್ನು ನೆಡುವ ಮೊದಲೇ ಬೇಕೆಂದು ಹುಟ್ಟಿಸಿ ಕೊಲ್ಲಬೇಕು. ರಾಗಿ ಹೊಲದಲ್ಲಿ ಹಿರಿಯರು ಮೊದಲ ಹದ ಮಳೆಗೆ ಉತ್ತು ಬಿಟ್ಟು, ಕಳೆ ಮೊಳೆತ ಮೇಲೆ ಕುಂಟೆ ಹೊಡೆದು, ಆಮೇಲೆ ಬಿತ್ತುತ್ತಿದ್ದುದೂ ಇದೇ ಲೆಕ್ಕಾಚಾರದಿಂದ. ಮಡಿಯನ್ನು ಇವತ್ತೇ ಸಸಿ ಇಡುವಂತೆ ಪೂರ್ತಿ ಸಿದ್ಧಮಾಡಿ. ಗೊಬ್ಬರ ಸೇರಿಸುವುದು, ಏರಿ ಕಟ್ಟುವುದು, ಮಟ್ಟ ಮಾಡುವುದು ಎಲ್ಲವೂ ಈಗಲೇ ಮುಗಿಯಲಿ. ನಂತರ ಏನನ್ನೂ ನೆಡದೆ ದಿನ ಬಿಟ್ಟು ದಿನ ನೀರು ಚಿಮುಕಿಸಿ. ಎರಡರಿಂದ ಮೂರು ವಾರಗಳಲ್ಲಿ ಮಡಿ ಹಸಿರಾಗುತ್ತದೆ. ಕಳೆಗಳು ಎರಡೆಲೆಯಲ್ಲಿರುವಾಗ, ಮಣ್ಣಿನ ಮೇಲ್ಪದರ ಒಣಗಿರುವ ಒಂದು ಬಿಸಿಲಿನ ಬೆಳಿಗ್ಗೆ, ಕಳೆಗುದ್ದಲಿಯನ್ನು ನೆಲಕ್ಕೆ ಹೆಚ್ಚುಕಡಿಮೆ ಮಲಗಿಸಿ ಹಿಡಿದು ಮೇಲಿನ ಅರ್ಧ ಅಂಗುಲವನ್ನಷ್ಟೇ ಹೆರೆಯಿರಿ. ಎರಡು ಅಂಗುಲ ಅಗೆದರೆ ಮತ್ತೆ ಹೊಸ ಬೀಜ ಮೇಲೆ ಬಂದು ಮೂರು ವಾರದ ಶ್ರಮ ನೀರಿಗೆ ಹೋಗುತ್ತದೆ. ಹೆರೆದಾಗ ಮಣ್ಣಿನೊಳಗೆ ಬಿಳಿ ದಾರದ ತುಂಡುಗಳಂತೆ ಕಾಣುವುದು ಇನ್ನೂ ತಲೆ ಎತ್ತದ ಕಳೆಗಳು. ಅವು ಮಧ್ಯಾಹ್ನದ ಬಿಸಿಲಿಗೆ ಸುಟ್ಟುಹೋಗುತ್ತವೆ. ನಿಮಗೆ ಒಂಬತ್ತು ವಾರಗಳಿರುವುದರಿಂದ ಇದನ್ನು ಎರಡು ಸುತ್ತು ಮಾಡಬಹುದು. ಎರಡನೆಯ ಸುತ್ತಿಗೆ ನೀರು ಹಾಕುವ ದಿನವೇ ಟ್ರೇಗಳಲ್ಲಿ ಟೊಮೆಟೊ, ಬದನೆ ಬೀಜ ಹಾಕಿಬಿಡಿ. ಸಸಿ ನೆಡಲು ತಯಾರಾಗುವುದಕ್ಕೆ 25ರಿಂದ 30 ದಿನ ಬೇಕು. ಅಷ್ಟರಲ್ಲಿ ಮಡಿಯ ಕೆಲಸವೂ ಮುಗಿದಿರುತ್ತದೆ.

ಗರಿಕೆಗೆ ಮತ್ತು ತುಂಗೆಗೆ ಈ ಉಪಾಯ ನಡೆಯುವುದಿಲ್ಲ. ಗರಿಕೆಯ ಬಳ್ಳಿಯನ್ನು ಹತ್ತು ತುಂಡು ಮಾಡಿದರೆ, ಗೆಣ್ಣು ಇರುವ ಪ್ರತಿ ತುಂಡೂ ಹೊಸ ಗಿಡವಾಗುತ್ತದೆ. ತುಂಗೆಯದು ಇನ್ನೂ ಸೂಕ್ಷ್ಮ. ಸರಪಳಿಯಂತೆ ಇರುವ ಗಡ್ಡೆಗಳಲ್ಲಿ ಮುಂದಿನದು ಚಿಗುರಿರುವಷ್ಟು ಕಾಲ ಹಿಂದಿನವು ಸುಮ್ಮನೆ ಮಲಗಿರುತ್ತವೆ. ಟಿಲ್ಲರಿನ ಬ್ಲೇಡು ಆ ಸರಪಳಿಯನ್ನು ಕಡಿದಾಗ ಮಲಗಿದ್ದವೆಲ್ಲ ಎದ್ದು ಚಿಗುರುತ್ತವೆ. ಕಳೆದ ವರ್ಷ ಎರಡು ಸಲ ಹೊಡೆಸಿದ್ದೇ ನಿಮ್ಮ ತುಂಗೆ ಇಷ್ಟಾಗಲು ಕಾರಣವಿರಬೇಕು. ಈ ಎರಡು ಕಳೆಗಳಿರುವ ಮಡಿಯನ್ನು ಬೇರೆ ಗುರುತು ಮಾಡಿ, ಈಗಿನ ಒಣ ದಿನಗಳಲ್ಲೇ, ಕಡಿಯುವ ಗುದ್ದಲಿಯ ಬದಲು ಹಲ್ಲುಗಳಿರುವ ಗುದ್ದಲಿಯಿಂದ ಮಣ್ಣನ್ನು ಸಡಿಲಿಸಿ, ಬಳ್ಳಿಯನ್ನೂ ಗಡ್ಡೆಯನ್ನೂ ಇಡಿಯಾಗಿ ಎಳೆದು ತೆಗೆಯಿರಿ. ತುಂಗೆ ಗಡ್ಡೆಗಳಲ್ಲಿ ಹೆಚ್ಚಿನವು ಮೇಲಿನ ಆರೆಂಟು ಅಂಗುಲದೊಳಗೇ ಇರುತ್ತವೆ. ತೆಗೆದವನ್ನು ತಾರಸಿಯ ಮೇಲೆ ಒಂದು ವಾರ ಚೆನ್ನಾಗಿ ಒಣಗಿಸಿ. ನೀರಿನಂಶ ಆರಿದರೆ ಗಡ್ಡೆ ಸಾಯುತ್ತದೆ. ಹಸಿಯಾಗಿ ತಿಪ್ಪೆಗೆ ಹಾಕಿದರೆ ಮುಂದಿನ ವರ್ಷ ಗೊಬ್ಬರದ ಜೊತೆ ಮನೆಗೆ ಮರಳುತ್ತದೆ.

ಹೊಸಕುಂಡ (ಚಿಕ್ಕಮಗಳೂರು), ಮಾರ್ಚ್ 6

ನನ್ನದೂ ಇದೇ ಪಾಡು. ಅರ್ಧ ಗುಂಟೆಯನ್ನು ಕೈಯಲ್ಲಿ ಅಗೆದು ಗಡ್ಡೆ ಆರಿಸುವುದು ಕೆಲಸಕ್ಕೆ ಹೋಗುವವರಿಗೆ ಸಾಧ್ಯವೇ? ಒಂದು ಸಲ ಕಳೆನಾಶಕ ಹೊಡೆದು ಒಂದು ತಿಂಗಳು ಬಿಟ್ಟು ನೆಟ್ಟರೆ ಆಗದೇ? ಕೆಲವರು ಉಪ್ಪುನೀರು, ವಿನಿಗರ್ ಎಂದೂ ಹೇಳುತ್ತಾರೆ.

ಮಾಗಿಉಳುಮೆ (ಬೇಲೂರು), ಮಾರ್ಚ್ 6

ಉಪ್ಪನ್ನು ದಯವಿಟ್ಟು ಮರೆತುಬಿಡಿ. ಕಳೆ ಸಾಯುವಷ್ಟು ಉಪ್ಪು ಹಾಕಿದ ಮಣ್ಣಿನಲ್ಲಿ ಬದನೆಯೂ ಬದುಕುವುದಿಲ್ಲ. ವಿನಿಗರ್ ಎಳೆಯ ಕಳೆಯ ಎಲೆಯನ್ನು ಸುಡುತ್ತದೆಯೇ ಹೊರತು ಗರಿಕೆಯ ಬೇರಿಗೂ ತುಂಗೆಯ ಗಡ್ಡೆಗೂ ಅದರಿಂದ ಏನೂ ಆಗದು. ನೀವು ಕೇಳುತ್ತಿರುವುದು ಗ್ಲೈಫೋಸೇಟ್ ಬಗ್ಗೆ ಎಂದುಕೊಳ್ಳುತ್ತೇನೆ. ಅದು ಎಲೆಯ ಮೂಲಕ ಬೇರಿಗೆ ಇಳಿಯುತ್ತದೆ ನಿಜ, ಆದರೆ ಮಣ್ಣಿನಲ್ಲಿರುವ ಬೀಜಗಳನ್ನು ಅದು ಮುಟ್ಟುವುದಿಲ್ಲ. ಆದ್ದರಿಂದ ಹೊಡೆದ ಮೇಲೂ ಬೀಜದ ಕಳೆ ಬಂದೇ ಬರುತ್ತದೆ. ಇನ್ನು ಕಾನೂನಿನ ಮಾತು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಹೊರಡಿಸಿದ ಆದೇಶವು, ಪರವಾನಗಿ ಇರುವ ಕೀಟನಿಯಂತ್ರಣ ನಿರ್ವಾಹಕರ ಮೂಲಕವಲ್ಲದೆ ಇದನ್ನು ಯಾರೂ ಬಳಸಬಾರದೆಂದು ನಿರ್ಬಂಧಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2015ರಲ್ಲಿ ಇದನ್ನು ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಪ್ಯಾರಾಕ್ವಾಟ್ ಎಂಬ ಇನ್ನೊಂದರ ಮಾತನ್ನೂ ಕೆಲವರು ಎತ್ತುತ್ತಾರೆ. ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ. ಮಕ್ಕಳು ಓಡಾಡುವ ಹಿತ್ತಲಿಗೆ ಅದನ್ನು ತರುವ ಯೋಚನೆಯೇ ಬೇಡ. ಅರ್ಧ ಗುಂಟೆಗೆ ಇದೆಲ್ಲ ಏಕೆ?

ಹೂಮಳೆ (ಮೂಡಿಗೆರೆ), ಮಾರ್ಚ್ 7

ಕೈಯಲ್ಲಿ ಅಗೆಯಲು ಆಗದವರಿಗೆ ನಾನು ಮುಚ್ಚುವ ಪದ್ಧತಿಯನ್ನು ಹೇಳುತ್ತೇನೆ. ತೋಟದ ಮನೆಯ ಹಿಂದಿನ ಮಡಿಗಳಿಗೆ ನಾವು ಅಗೆತವನ್ನು ನಿಲ್ಲಿಸಿ ನಾಲ್ಕು ವರ್ಷಗಳಾದವು. ಕಳೆಯನ್ನು ಬುಡಮಟ್ಟಕ್ಕೆ ಸವರಿ, ನೆಲವನ್ನು ಚೆನ್ನಾಗಿ ನೆನೆಸಿ, ಟೇಪು ಕಿತ್ತು ತೆಗೆದ ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ, ಒಂದರ ಮೇಲೊಂದು ಅರ್ಧ ಅಡಿ ಹಾಯುವಂತೆ ಹಾಸಿ, ಅದನ್ನೂ ನೆನೆಸಿ, ಮೇಲೆ ನಾಲ್ಕು ಅಂಗುಲ ಕಳಿತ ಗೊಬ್ಬರ, ಅದರ ಮೇಲೆ ದರಗು ಹರಡುತ್ತೇವೆ. ಬೆಳಕು ಸಿಗದ ಬೀಜದ ಕಳೆ ಅಲ್ಲೇ ಬಿಳಿಚಿ ಸಾಯುತ್ತದೆ. ರಟ್ಟು ಸಿಗದಿದ್ದರೆ ಎಂಟು ಹತ್ತು ಪದರ ವೃತ್ತಪತ್ರಿಕೆಯೂ ಆದೀತು. ದರಗಿನಲ್ಲಿ ಸಿಲ್ವರ್ ಓಕ್ ಎಲೆ ಬೇಗ ಕಳಿಯುವುದಿಲ್ಲವಾದ್ದರಿಂದ ಹೊದಿಕೆಗೆ ಒಳ್ಳೆಯದು. ಹಳೆಯ ಕಾಫಿ ಸಿಪ್ಪೆಯೂ ಆಗುತ್ತದೆ, ಆದರೆ ಹಸಿಯದು ಬಿಸಿಯೇಳುತ್ತದೆ. ಅದನ್ನು ಕಳಿಸಿಯೇ ಬಳಸಬೇಕು.

ಮಲೆನಾಡಿನ ಇಳಿಜಾರಿನಲ್ಲಿ ಮಣ್ಣನ್ನು ಬತ್ತಲೆಯಾಗಿ ಹೆರೆದು ಬಿಟ್ಟರೆ ಜೂನ್ ಮಳೆಗೆ ಮೇಲ್ಮಣ್ಣು ಹಳ್ಳ ಸೇರುತ್ತದೆ. ಬೇಲೂರಿನವರು ಹೇಳಿದ್ದು ಹಾಸನದ ಸಮತಟ್ಟು ಜಾಗಕ್ಕೆ ಸರಿ, ನಮ್ಮಲ್ಲಿ ಅದನ್ನು ಹೂಮಳೆ ಬಿದ್ದ ಮೇಲೆ ಫೆಬ್ರವರಿ, ಮಾರ್ಚಿನಲ್ಲೇ ಮಾಡಿ ಮುಗಿಸಿ, ಮೇ ಹೊತ್ತಿಗೆ ಹೊದಿಕೆ ಹಾಕಿರಬೇಕು.

ತೆಂಗಿನನೆರಳು (ಅರಸೀಕೆರೆ), ಮಾರ್ಚ್ 7

ಅಕ್ಕ, ನೀವು ಹೇಳಿದ ರಟ್ಟಿನ ಪ್ರಯೋಗವನ್ನು ನಾನೂ ಮಾಡಿದ್ದೆ. ನಮ್ಮ ಕೆಂಪುಮಣ್ಣಿನಲ್ಲಿ ಗೆದ್ದಲು ಇಪ್ಪತ್ತೈದು ದಿನಕ್ಕೆ ಅಷ್ಟನ್ನೂ ತಿಂದು ಮುಗಿಸಿತು. ಕಳೆಗಿಂತ ಗೆದ್ದಲೇ ಚೆನ್ನಾಗಿ ಬೆಳೆಯಿತು. ನಮ್ಮಂಥ ಒಣ ಸೀಮೆಯವರಿಗೆ ಬಿಸಿಲೇ ಬಂಡವಾಳ. ಮಾರ್ಚ್, ಏಪ್ರಿಲ್‌ನಲ್ಲಿ ಮಣ್ಣನ್ನು ಹದವಾಗಿ ನೆನೆಸಿ, 25ರಿಂದ 50 ಮೈಕ್ರಾನ್ ದಪ್ಪದ ತಿಳಿ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಅಂಟಿದಂತೆ ಬಿಗಿಯಾಗಿ ಹಾಸಿ, ನಾಲ್ಕೂ ಅಂಚನ್ನು ಮಣ್ಣಿನಲ್ಲಿ ಹೂತು, ನಾಲ್ಕರಿಂದ ಆರು ವಾರ ಬಿಡುತ್ತೇನೆ. ಬಿಸಿಲು ಒಳಗೆ ಹೋಗುತ್ತದೆ, ಕಾವು ಹೊರಗೆ ಬರುವುದಿಲ್ಲ. ಮೇಲ್ಪದರದ ಬೀಜಗಳು ಬೇಯುತ್ತವೆ. ಅನೇಕರು ಕಪ್ಪು ಹಾಳೆ ಹಾಸುತ್ತಾರೆ, ಅದರಲ್ಲಿ ಕಾವು ಹಾಳೆಯಲ್ಲೇ ನಿಲ್ಲುತ್ತದೆ. ಕೃಷಿ ವಿಜ್ಞಾನಿಗಳು ಮಣ್ಣಿನ ಸೌರೀಕರಣ ಎನ್ನುವುದು ಇದನ್ನೇ. 1976ರಲ್ಲಿ ಇಸ್ರೇಲಿನವರು ಪ್ರಕಟಿಸಿದ ಪ್ರಯೋಗಗಳಿಂದ ಇದು ಜಗತ್ತಿಗೆಲ್ಲ ಹರಡಿತು.

ಹೂಮಳೆ (ಮೂಡಿಗೆರೆ), ಮಾರ್ಚ್ 8

ಗೆದ್ದಲಿನ ಮಾತು ಒಪ್ಪಿದೆ. ನಮ್ಮಲ್ಲಿ ಹೊದಿಕೆಯಡಿ ಬಸವನಹುಳು ಸೇರುತ್ತದೆ. ಸಸಿಯ ಬುಡದ ಸುತ್ತ ಒಂದು ಗೇಣು ಜಾಗವನ್ನು ಹೊದಿಕೆಯಿಲ್ಲದೆ ಬಿಡುತ್ತೇವೆ. ನಿಮ್ಮ ಪ್ಲಾಸ್ಟಿಕ್ಕಿನ ಕಾವಿಗೆ ತುಂಗೆ ಸತ್ತಿದೆಯೇ?

ತೆಂಗಿನನೆರಳು (ಅರಸೀಕೆರೆ), ಮಾರ್ಚ್ 8

ಇಲ್ಲ. ಅದು ಹಾಳೆಯನ್ನೇ ಸೂಜಿಯಂತೆ ಚುಚ್ಚಿಕೊಂಡು ಮೇಲೆ ಬಂತು. ಆಳದ ಗಡ್ಡೆಗೆ ಆ ಕಾವು ತಲುಪುವುದಿಲ್ಲ. ನಿಮ್ಮ ರಟ್ಟಿಗೂ ಅದೇ ಗತಿ ಆಗಿರಬೇಕಲ್ಲವೇ?

ಹೂಮಳೆ (ಮೂಡಿಗೆರೆ), ಮಾರ್ಚ್ 8

ಆಗಿದೆ. ಆ ಒಂದು ಮಡಿಯ ವಿಷಯ ನಾನು ಹೇಳದೆ ಬಿಟ್ಟಿದ್ದೆ.

ಮಸ್ಸೊಪ್ಪು (ಚನ್ನರಾಯಪಟ್ಟಣ), ಮಾರ್ಚ್ 9

ಮಗಳೇ, ಎಲ್ಲರೂ ಮಣ್ಣಿನ ಮಾತಾಡುತ್ತಿದ್ದಾರೆ, ನೀನು ತರಿಸಿದ ಗೊಬ್ಬರದ ಬಗ್ಗೆ ಯಾರೂ ಕೇಳಲಿಲ್ಲ. ಹಸುವಿನ ಹೊಟ್ಟೆಯನ್ನು ದಾಟಿ ಬಂದ ಕಳೆಬೀಜಗಳಲ್ಲಿ ಎಷ್ಟೋ ಸಾಯುವುದಿಲ್ಲ. ತಿಪ್ಪೆಯನ್ನು ಎರಡು ಮೂರು ಬಾರಿ ತಿರುವಿ ಹಾಕಿ, ಒಳಗೆ ಕೈಯಿಡಲಾಗದಷ್ಟು ಬಿಸಿಯೆದ್ದಿದ್ದರೆ ಮಾತ್ರ ಬೀಜ ಬೇಯುತ್ತದೆ. ಅಂಚಿನಲ್ಲಿರುವುದಕ್ಕೆ ಆ ಬಿಸಿ ತಾಗಿರುವುದಿಲ್ಲ. ಒಂದು ಅಗಲವಾದ ಡಬ್ಬಿಯಲ್ಲಿ ಉಳಿದ ಗೊಬ್ಬರವನ್ನು ಎರಡು ಅಂಗುಲ ಹರಡಿ, ಹದಿನೈದು ದಿನ ನೀರು ಚಿಮುಕಿಸಿ ನೋಡು. ಏನು ಹುಟ್ಟುತ್ತದೋ ಅದೇ ನಿನ್ನ ಮಡಿಯಲ್ಲೂ ಹುಟ್ಟುತ್ತದೆ.

ಇನ್ನೊಂದು ಮಾತು. ಹುಟ್ಟಿದ್ದೆಲ್ಲ ಕಳೆಯಲ್ಲ. ಅಣ್ಣೆಸೊಪ್ಪು, ಗೋಣಿಸೊಪ್ಪು, ಗಣಿಕೆಸೊಪ್ಪು ಎಳೆಯದಿರುವಾಗ ಆರಿಸಿಕೊಂಡರೆ ಒಂದು ಹೊತ್ತಿನ ಬೆರಕೆಸೊಪ್ಪಿನ ಸಾರಾಗುತ್ತದೆ. ಹೂ ಬಿಡುವವರೆಗೆ ಮಾತ್ರ ಬಿಡಬೇಡ. ಕಾಂಗ್ರೆಸ್ ಗಿಡಕ್ಕೆ ಕೈಗವಸು ಹಾಕಿಕೋ. ನನ್ನ ಮುಂಗೈಯ ಕಜ್ಜಿ ವಾಸಿಯಾಗಲು ಎರಡು ತಿಂಗಳು ಹಿಡಿಯಿತು.

ಹಿತ್ತಲಬಾಗಿಲು (ಹಾಸನ), ಮಾರ್ಚ್ 26

ಎಲ್ಲರಿಗೂ ಕೃತಜ್ಞತೆಗಳು. ನಾಲ್ಕು ಮಡಿ ಮಾಡಿದ್ದೇನೆ. ಎರಡೂ ಬದಿಯಿಂದ ಕೈಗೆ ನಿಲುಕಲೆಂದು ಪ್ರತಿಯೊಂದರ ಅಗಲವನ್ನು ನಾಲ್ಕು ಅಡಿಗೆ ಮೀರಿಸಿಲ್ಲ. ಎರಡು ಮಡಿಗಳಿಗೆ ಮಾಗಿಉಳುಮೆಯವರ ಪದ್ಧತಿ, ಒಂದಕ್ಕೆ ತಿಳಿ ಪ್ಲಾಸ್ಟಿಕ್, ನಾಲ್ಕನೆಯದು ತುಂಗೆಯ ಮಡಿ.

ಅಮ್ಮ, ನೀವು ಹೇಳಿದ ಗೊಬ್ಬರದ ಪರೀಕ್ಷೆಯನ್ನು ಬಿರಿಯಾನಿ ತಂದಿದ್ದ ಅಲ್ಯೂಮಿನಿಯಂ ತಟ್ಟೆಯೊಂದರಲ್ಲಿ ಮಾಡಿದೆ. ಹದಿನಾಲ್ಕನೆಯ ದಿನ ಎಣಿಸಿದಾಗ ಐವತ್ತೆರಡು ಮೊಳಕೆಗಳಿದ್ದವು, ಮುಳ್ಳುಹರಿವೆಯೇ ಹೆಚ್ಚು. ಉಳಿದ ಗೊಬ್ಬರವನ್ನು ಮಡಿಗೆ ಹಾಕದೆ, ನೆನೆಸಿ ರಾಶಿ ಮಾಡಿ ಪ್ಲಾಸ್ಟಿಕ್ ಮುಚ್ಚಿದ್ದೇನೆ. ಮಡಿಗಳಿಗೆ ಎರೆಗೊಬ್ಬರ ಕೊಂಡು ತಂದೆ.

ಇವತ್ತು ಬೆಳಿಗ್ಗೆ ಮೊದಲ ಹೆರೆತ ಮುಗಿಯಿತು. ಒಂದು ಮಡಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಅವರು ಹೇಳಿದ ಬಿಳಿ ದಾರಗಳನ್ನು ನಾನು ಮಂಡಿಯೂರಿ ಕುಳಿತು ನೋಡಿದೆ. ಮೇಲೆ ಕಾಣುತ್ತಿದ್ದ ಒಂದೊಂದು ಕಳೆಗೆ ಒಳಗೆ ಐದಾರು ಇದ್ದವು. ತುಂಗೆ ಗಡ್ಡೆ ಇದುವರೆಗೆ ಮುಕ್ಕಾಲು ಬಕೆಟ್ ಸಿಕ್ಕಿದೆ, ಆದರೆ ಆ ಮಡಿ ಇನ್ನೂ ಅರ್ಧವೂ ಮುಗಿದಿಲ್ಲ. ಅದನ್ನು ಈ ವರ್ಷ ಹೀಗೇ ಬಿಟ್ಟುಬಿಡಲೇ?

ಮಾಗಿಉಳುಮೆ (ಬೇಲೂರು), ಮಾರ್ಚ್ 27

ಖಾಲಿ ಬಿಡಬೇಡಿ. ತುಂಗೆಗೆ ನೆರಳು ಆಗದು, ಅದರ ದೌರ್ಬಲ್ಯ ಅದೊಂದೇ. ಸಿಕ್ಕಷ್ಟು ಗಡ್ಡೆ ತೆಗೆದು, ಆ ಮಡಿಗೆ ಅಪ್ಸೆಣಬನ್ನು ಒತ್ತಾಗಿ ಚೆಲ್ಲಿ. ಎಕರೆಗೆ 20ರಿಂದ 25 ಕಿಲೋ ಬಿತ್ತುವ ಲೆಕ್ಕದಲ್ಲಿ ಗುಂಟೆಗೆ ಅರ್ಧ ಕಿಲೋ ದಾಟುತ್ತದೆ. ನಿಮ್ಮ ಒಂದು ಮಡಿಗೆ 100 ಗ್ರಾಂ ಧಾರಾಳ. ರೈತ ಸಂಪರ್ಕ ಕೇಂದ್ರದಲ್ಲಿ ಹಸಿರೆಲೆ ಗೊಬ್ಬರದ ಬೀಜ ಬಂದಿದೆಯೇ ವಿಚಾರಿಸಿ. 45 ದಿನಕ್ಕೆ, ಹೂ ಬಿಡುವ ಹೊತ್ತಿಗೆ, ಬುಡಕ್ಕೆ ಕೊಯ್ದು ಅಲ್ಲೇ ಹೊದಿಸಿ. ಬದಿಯಿಂದ ಗರಿಕೆ ಒಳಕ್ಕೆ ಹರಿಯದಂತೆ ಮಡಿಗಳ ಸುತ್ತ ಅರ್ಧ ಅಡಿ ಆಳದ ಚರಂಡಿ ತೆಗೆದು, ಹದಿನೈದು ದಿನಕ್ಕೊಮ್ಮೆ ಅದನ್ನು ಸವರುತ್ತಿರಿ. ಗಣೇಶನ ಹಬ್ಬಕ್ಕೆ ಗರಿಕೆ ಬೇಕೆನ್ನುವ ಚಿಂತೆಯಿದ್ದರೆ ಒಂದು ಕುಂಡದಲ್ಲಿ ಬೆಳೆಸಿಕೊಳ್ಳಿ, ನೆಲದಲ್ಲಿ ಬೇಡ.

ಹೊಸಕುಂಡ (ಚಿಕ್ಕಮಗಳೂರು), ಏಪ್ರಿಲ್ 2

ಸರ್, ಕ್ಯಾರೆಟ್ಟಿಗೂ ಇದೇ ಕ್ರಮವೇ? ಅದಕ್ಕೆ ಸಸಿ ಇಡುವುದಿಲ್ಲವಲ್ಲ.

ಮಾಗಿಉಳುಮೆ (ಬೇಲೂರು), ಏಪ್ರಿಲ್ 2

ಕ್ಯಾರೆಟ್ಟಿಗೆ ಎರಡು ಸುತ್ತು ಆಗಲೇಬೇಕು. ಅದು ಮೊಳೆಯಲು ಹತ್ತರಿಂದ ಹದಿನೈದು ದಿನ ತೆಗೆದುಕೊಳ್ಳುತ್ತದೆ, ಮುಳ್ಳುಹರಿವೆ ನಾಲ್ಕೈದು ದಿನಕ್ಕೇ ಏಳುತ್ತದೆ. ಚೆಲ್ಲದೆ ಸಾಲಿನಲ್ಲಿ ಬಿತ್ತಿ, ಸಾಲಿಗೆ ಅಲ್ಲಲ್ಲಿ ಒಂದೊಂದು ಮೂಲಂಗಿ ಬೀಜ ಹಾಕಿ. ಮೂಲಂಗಿ ಮೂರು ನಾಲ್ಕು ದಿನಕ್ಕೆ ಮೇಲೆ ಬಂದು ಸಾಲು ಎಲ್ಲಿದೆ ಎಂದು ತೋರಿಸುತ್ತದೆ. ನಡುವಿನದನ್ನು ಧೈರ್ಯವಾಗಿ ಹೆರೆಯಬಹುದು.

ಹಿತ್ತಲಬಾಗಿಲು (ಹಾಸನ), ಜೂನ್ 14

ತಡವಾಗಿ ಬರೆಯುತ್ತಿದ್ದೇನೆ. ಎರಡನೆಯ ಸುತ್ತಿನಲ್ಲಿ ಮೊದಲ ಸುತ್ತಿನ ಕಾಲುಭಾಗದಷ್ಟೂ ಕಳೆ ಬರಲಿಲ್ಲ. ಮೇ 12ರಂದು ಟೊಮೆಟೊ, ಬದನೆ ನೆಟ್ಟೆ. ಗುದ್ದಲಿಯಿಂದ ಗುಂಡಿ ತೋಡದೆ, ಕಡ್ಡಿಯಿಂದ ಸಸಿಯ ಬೇರು ಹಿಡಿಸುವಷ್ಟೇ ರಂಧ್ರ ಮಾಡಿ ಇಟ್ಟೆ. ಮರುದಿನವೇ ತೆಂಗಿನ ಗರಿ ಕತ್ತರಿಸಿ ಹೊದಿಸಿದೆ. ಈ ಐದು ವಾರಗಳಲ್ಲಿ ಎರಡು ಬಾರಿ ಕುಳಿತು ಕಳೆ ಕಿತ್ತಿದ್ದೇನೆ, ಎರಡೂ ಸಲ ಕಾಫಿ ಆರುವ ಮೊದಲು ಕೆಲಸ ಮುಗಿದಿದೆ.

ಪ್ಲಾಸ್ಟಿಕ್ ಹಾಸಿದ ಮಡಿಯ ನಡುಭಾಗ ಬಹಳ ಶುದ್ಧವಾಗಿದೆ, ಆದರೆ ಗಾಳಿಗೆ ಅಂಚು ಎದ್ದಿದ್ದ ಒಂದು ಬದಿಯಲ್ಲಿ ಒಂದು ಅಡಿಯಷ್ಟು ಅಗಲಕ್ಕೆ ಕಳೆ ಹಾಗೆಯೇ ಉಳಿದಿದೆ. ಅಲ್ಲಿ ಕ್ಯಾರೆಟ್ ಬಿತ್ತಬಾರದಿತ್ತು.

ನಾಲ್ಕನೆಯ ಮಡಿಯ ಅಪ್ಸೆಣಬನ್ನು ಎದೆಯೆತ್ತರ ಬೆಳೆದಾಗ ಮೊನ್ನೆ ಕೊಯ್ದೆ. ಅದರಡಿ ತುಂಗೆ ಬಿಳಿಚಿಕೊಂಡು ತೆಳ್ಳಗೆ ನಿಂತಿತ್ತು, ಹೋಗಿರಲಿಲ್ಲ. ಐದು ದಿನಕ್ಕೊಮ್ಮೆ ಕೀಳುತ್ತಿದ್ದೇನೆ. ಇವತ್ತಿನ ಲೆಕ್ಕ ಮೂವತ್ತೊಂದು.

ತೆಂಗಿನನೆರಳು (ಅರಸೀಕೆರೆ), ಜೂನ್ 14

ಕೀಳುವಾಗ ಐದನೆಯ ಎಲೆ ಬರುವ ಮೊದಲೇ ಕೀಳಿ, ಮೇಡಂ. ಎಲೆ ಹೆಚ್ಚಾದಷ್ಟೂ ಅದು ಕೆಳಗೆ ಹೊಸ ಗಡ್ಡೆ ಕಟ್ಟುತ್ತದೆ. ಆ ಮಡಿಗೆ ಕೊಯ್ಲಾದ ಮೇಲೆ ಸಿಹಿಗೆಣಸಿನ ಬಳ್ಳಿ ಬೇಕಿದ್ದರೆ ನಮ್ಮಲ್ಲಿ ಇದೆ. ಅದೂ ನೆಲವನ್ನು ಬೇಗ ಮುಚ್ಚುತ್ತದೆ.

ಹಿತ್ತಲಬಾಗಿಲು (ಹಾಸನ), ಜೂನ್ 15

ಬೇಕು, ಸರ್. ಭಾನುವಾರ ಅರಸೀಕೆರೆಗೆ ಬರುವುದಿದೆ, ಒಂದು ಕಟ್ಟು ತೆಗೆದಿಡಿ.